‘ದಿ ಸ್ಕಲ್ಸ್’ ನೋಡೋದು ಹೇಗೆ

2000ರಲ್ಲಿ ಬಂದ ಈ ಥ್ರಿಲ್ಲರ್ ಸಿನಿಮಾದಲ್ಲಿ ಲಾಜಿಕ್ ಹುಡುಕೋಕೆ ಹೋಗ್ಬೇಡಿ, ಅರ್ಧ ಗಂಟೆಗೇ ತಲೆ ಕೆಡುತ್ತೆ. ಅದರ ಬದಲು ಚಿತ್ರದ ರಹಸ್ಯ ಸಂಘಕ್ಕೆ ಪ್ರೇರಣೆಯಾದ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಿಜವಾದ ರಹಸ್ಯ ವಿದ್ಯಾರ್ಥಿ ಸಂಘ ‘ಸ್ಕಲ್ ಅಂಡ್ ಬೋನ್ಸ್’ ಬಗ್ಗೆ ಸ್ವಲ್ಪ ತಿಳ್ಕೊಂಡು ಕೂತ್ಕೊಳ್ಳಿ. ಮಜಾ ಇರೋದೇ ಹೋಲಿಸಿ ನೋಡೋದ್ರಲ್ಲಿ.

1832ರಲ್ಲಿ ಶುರುವಾದ ಸಂಘ ಅದು. ವರ್ಷಕ್ಕೆ 15 ಜನ ಮಾತ್ರ, ಅದೂ ಕೊನೇ ವರ್ಷದವರು. ಹೆಂಗಸರಿಗೆ ಬಾಗಿಲು ತೆರೆದದ್ದು 1990ರ ದಶಕದಲ್ಲಿ, ಅದೂ ದೊಡ್ಡ ಜಗಳ ಆದಮೇಲೆ! ಯೇಲ್ ಇರೋ ಊರು ನ್ಯೂ ಹೇವನ್‌ನ ಹೈ ಸ್ಟ್ರೀಟ್‌ನಲ್ಲಿರೋ ಅವರ ಕಂದು ಕಲ್ಲಿನ ಕಟ್ಟಡದ ಫೋಟೋ ಒಂದ್ಸಲ ನೋಡಿ, ಆಮೇಲೆ ಸಿನಿಮಾದ ಭವ್ಯ ಅಡ್ಡಾ ನೋಡಿ. ನಗು ಬರುತ್ತೆ. ಚಿತ್ರದ ಬಹುಪಾಲು ಶೂಟಿಂಗ್ ಆಗಿದ್ದು ಟೊರಾಂಟೊದಲ್ಲಿ.

ಕಾಲೇಜಿನ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕೋ ಬಡ ನಾಯಕ ಸಂಘಕ್ಕೆ ಸೇರಿದ ಮೇಲೆ ಅವನಿಗೆ ಕಾರು, ದುಡ್ಡು ಎಲ್ಲ ತಾನಾಗೇ ಬಂದು ಬೀಳೋ ಭಾಗ ಇದ್ಯಲ್ಲ, ಅಲ್ಲಿ ಗಮನ ಕೊಡಿ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ನಿಜಕ್ಕೂ ಭಯ ಹುಟ್ಟಿಸೋದು ಅದೊಂದೇ. ಪಿಸ್ತೂಲಿನ ದ್ವಂದ್ವಯುದ್ಧ ಬಂದಾಗ ಧಾರಾಳವಾಗಿ ಕಾಫಿ ಮಾಡ್ಕೊಳ್ಳೋಕೆ ಎದ್ದು ಹೋಗಿ.

ಮುಗಿದ ಮೇಲೆ 2004ರ ಅಮೆರಿಕ ಚುನಾವಣೆ ಬಗ್ಗೆ ಓದಿ. ಅಧ್ಯಕ್ಷ ಸ್ಥಾನಕ್ಕೆ ಎದುರಾಳಿಗಳಾಗಿದ್ದ ಜಾರ್ಜ್ ಡಬ್ಲ್ಯು. ಬುಷ್, ಜಾನ್ ಕೆರ್ರಿ ಇಬ್ಬರೂ ಇದೇ ‘ಸ್ಕಲ್ ಅಂಡ್ ಬೋನ್ಸ್’ನವರು. ಟಿವಿಯಲ್ಲಿ ಸಂಘದ ಬಗ್ಗೆ ಕೇಳಿದ್ರೆ ಇಬ್ಬರೂ ಬಾಯಿ ಬಿಡಲಿಲ್ಲ.