ಮಿಶ್ರತಳಿಯ ಮರಿಯನ್ನು ಮನೆಯಲ್ಲಿ ಸಾಕುವ ಬಗೆ

ಬೀದಿಯ ಮರಿಯನ್ನೋ, ಪರಿಚಯದವರ ಮನೆಯಲ್ಲಿ ಹುಟ್ಟಿದ ಕ್ರಾಸ್ ಮರಿಯನ್ನೋ ತಂದು ಸಾಕಲು ಹೊರಟವರು ಮೊದಲ ವಾರದಲ್ಲೇ ಕೇಳುವ ಮಾತೊಂದಿದೆ: 'ನಾಟಿ ನಾಯಿಗೆ ಏನೂ ಆಗುವುದಿಲ್ಲ ಬಿಡಿ.' ಜಾತಿ ನಾಯಿಗಳಲ್ಲಿ ಒಂದೇ ವಂಶದೊಳಗಿನ ಸಂಕರದಿಂದ ಬರುವ ಕೆಲವು ಆನುವಂಶಿಕ ಕಾಯಿಲೆಗಳು ಮಿಶ್ರತಳಿಯಲ್ಲಿ ಕಡಿಮೆ ಎನ್ನುವಷ್ಟರ ಮಟ್ಟಿಗೆ ಈ ಮಾತು ನಿಜ. ಆದರೆ ಕರುಳನ್ನು ಹಾಳುಗೆಡವುವ ಪಾರ್ವೊ, ಶ್ವಾಸಕೋಶ ಮತ್ತು ನರಗಳಿಗೆ ಬಡಿಯುವ ಡಿಸ್ಟೆಂಪರ್, ರೇಬಿಸ್ ವೈರಸ್‌ಗಳು ತಳಿ ನೋಡಿ ಬರುವುದಿಲ್ಲ. ಬೀದಿಯಲ್ಲಿ ನಮಗೆ ಕಾಣುವ ಗಟ್ಟಿಮುಟ್ಟಾದ ನಾಯಿಗಳು ಬದುಕುಳಿದವು. ಅವುಗಳ ಜೊತೆಗೆ ಹುಟ್ಟಿ, ಮೂರು ತಿಂಗಳು ತುಂಬುವ ಮೊದಲೇ ಸತ್ತ ಒಡಹುಟ್ಟುಗಳು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ನಾಟಿ ಮರಿಗೆ ಲಸಿಕೆ, ಔಷಧ, ಪಥ್ಯ ಬೇಡವೆಂಬ ಉದಾಸೀನವೇ ಅದರ ದೊಡ್ಡ ಶತ್ರು ಎಂದು ನನ್ನ ಅನುಭವ ಹೇಳುತ್ತದೆ.

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟುಗಳ ಜೊತೆಗಿನ ಆಟದಲ್ಲೇ. ತಾಯಿಯನ್ನು ಕಳೆದುಕೊಂಡ ಮರಿಯಾದರೆ ಬೇರೆ ಮಾತು. ಅದಕ್ಕೆ ಹಸುವಿನ ಹಾಲು ಹೊಂದುವುದಿಲ್ಲವಾದ್ದರಿಂದ ನಾಯಿಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಪಶುವೈದ್ಯರನ್ನು ಕೇಳಿ ತರಬೇಕು.

ಮರಿಯ ರೂಪ ನೋಡಿ 'ಇದರಲ್ಲಿ ಲ್ಯಾಬ್ ಇದೆ', 'ಇದು ಮುಧೋಳದ ಕ್ರಾಸ್' ಎಂದು ತೀರ್ಮಾನಿಸಿ, ಅದರ ಸ್ವಭಾವವನ್ನೂ ಹಾಗೆಯೇ ನಿರೀಕ್ಷಿಸುವುದು ತಪ್ಪು. ಬಾಗಲಕೋಟೆ, ವಿಜಯಪುರದ ಕಡೆ ಉದ್ದ ಕಾಲು, ಒಳಸೇರಿದ ಹೊಟ್ಟೆಯ ಮರಿಗಳಲ್ಲಿ ಮುಧೋಳದ ರಕ್ತ ಇರುವ ಸಾಧ್ಯತೆ ಹೆಚ್ಚು ಎನ್ನಬಹುದು, ಅಷ್ಟೇ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿದ ಅಮೆರಿಕದ ಅಧ್ಯಯನವೊಂದು, ನಾಯಿಗಳ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ ಎಂದು ತೋರಿಸಿತು. ಎದುರಿಗಿರುವ ಮರಿಯನ್ನೇ ಗಮನಿಸಿ ತಿಳಿಯಬೇಕು.

ತಂದ ಎರಡು ಮೂರು ದಿನಗಳೊಳಗೆ ಪಶುವೈದ್ಯರಿಗೆ ತೋರಿಸಿ ಜಂತುಹುಳುವಿನ ಔಷಧ ಕೊಡಿಸಿ. ಮರಿಗೆ ಮೂರು ತಿಂಗಳಾಗುವವರೆಗೆ ಇದನ್ನು ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡುವುದು ರೂಢಿ. ಪಾರ್ವೊ ಮತ್ತು ಡಿಸ್ಟೆಂಪರ್ ತಡೆಯುವ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ, ಮರಿಗೆ 16 ವಾರ ತುಂಬುವವರೆಗೆ ಮುಂದುವರಿಸಬೇಕು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶಗಳು ಮೊದಲ ಚುಚ್ಚುಮದ್ದನ್ನು ನಿಷ್ಫಲಗೊಳಿಸಬಹುದಾದ್ದರಿಂದ ಒಂದೇ ಡೋಸ್ ಹಾಕಿಸಿ ಸುಮ್ಮನಾಗುವುದು ಅಪಾಯ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಅದರ ಬೂಸ್ಟರ್ ವೈದ್ಯರು ಹೇಳಿದ ದಿನಕ್ಕೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ. ಮಳೆಗಾಲದಲ್ಲಿ ಇಲಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಮನುಷ್ಯರಿಗೂ ಅಂಟುತ್ತದೆ; ಅದರ ಲಸಿಕೆಯ ಬಗ್ಗೆಯೂ ಕೇಳಿ.

ಮರಿ ಮಂಕಾಗಿ, ವಾಂತಿ ಮಾಡಿ, ಕೆಟ್ಟ ವಾಸನೆಯ ರಕ್ತಮಿಶ್ರಿತ ಭೇದಿ ಮಾಡಿಕೊಂಡರೆ 'ನಾಳೆ ನೋಡೋಣ' ಎನ್ನಬೇಡಿ. ಪಾರ್ವೊದಲ್ಲಿ ಮರಿಗೆ ಒಂದು ರಾತ್ರಿಯೂ ದೀರ್ಘ ಕಾಲವೇ.

ಲಸಿಕೆಗಳು ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡಬಾರದು, ನಿಜ. ಆದರೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪುವ ಅವಧಿ ಮೂರನೆಯ ವಾರದಿಂದ ಸುಮಾರು ಹದಿಮೂರನೆಯ ವಾರದವರೆಗೆ ಮಾತ್ರ. ಆದ್ದರಿಂದ ಎತ್ತಿಕೊಂಡು ಗೇಟಿನ ಬಳಿ ನಿಲ್ಲಿ. ಆಟೊ, ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಕೋಲೂರಿ ನಡೆಯುವ ಹಿರಿಯರು, ಓಡಾಡುವ ಮಕ್ಕಳು ಎಲ್ಲವನ್ನೂ ದೂರದಿಂದ ತೋರಿಸಿ. ಒಳಗೆ ಕುಕ್ಕರ್ ಕೂಗುವಾಗ, ಮಿಕ್ಸಿ ತಿರುಗುವಾಗ ಒಂದು ಚೂರು ಬೇಯಿಸಿದ ಕೋಳಿ ಮಾಂಸ ಕೊಟ್ಟರೆ ಆ ಸದ್ದು ಭಯದ ಬದಲು ತಿನಿಸಿನ ಸೂಚನೆಯಾಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ತಪ್ಪೆಂದರೆ ಮಿಕ್ಕ ಸಾರನ್ನ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ಕೆಡಿಸುತ್ತವೆ, ಆದ್ದರಿಂದ ಹಬ್ಬದ ದಿನ ಪ್ರೀತಿಯಿಂದ ಹಾಕುವ ಕೇಸರಿಬಾತ್, ಪಾಯಸ ಬೇಡವೇ ಬೇಡ. ಚಾಕೊಲೇಟ್, ಝೈಲಿಟಾಲ್ ಇರುವ ಸಕ್ಕರೆರಹಿತ ಚ್ಯೂಯಿಂಗ್ ಗಮ್, ಸೀಳಾಗಿ ಒಡೆದು ಕರುಳಿಗೆ ಚುಚ್ಚುವ ಬೇಯಿಸಿದ ಕೋಳಿ ಮೂಳೆ, ಇವೂ ನಿಷಿದ್ಧ. ಇನ್ನು ಮುದ್ದೆ, ಅನ್ನ ನಾಯಿಗೆ ಒಗ್ಗುವುದಿಲ್ಲ ಎನ್ನುವ ಮಾತಿಗೆ ಆಧಾರವಿಲ್ಲ. ಮನುಷ್ಯರ ಜೊತೆ ಬಾಳುತ್ತ ಬಂದ ನಾಯಿ, ತೋಳಕ್ಕಿಂತ ಬಹಳ ಚೆನ್ನಾಗಿ ಪಿಷ್ಟವನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಪಡೆದಿದೆ. ಆದರೆ ಬರೀ ಮುದ್ದೆ ಸಾಲದು. ಉಪ್ಪು, ಖಾರ, ಒಗ್ಗರಣೆ ಇಲ್ಲದೆ ಬೇಯಿಸಿದ ಕೋಳಿ ಅಥವಾ ಮೊಟ್ಟೆ ಪ್ರತಿ ಊಟದಲ್ಲೂ ಇರಲಿ. ಜೊತೆಗೆ ಕುಂಬಳ, ಕ್ಯಾರೆಟ್, ಬೀನ್ಸ್ ಬೆರೆಸಬಹುದು. ಬೆಳೆಯುವ ಮರಿಗೆ ಮನೆ ಊಟದಿಂದ ಮಾತ್ರ ಕ್ಯಾಲ್ಸಿಯಂ, ರಂಜಕಗಳ ಸಮತೋಲ ಸಾಧಿಸುವುದು ಕಷ್ಟ, ಹಾಗಾಗಿ ಮೊದಲ ವರ್ಷ ಮರಿಗಳ ಸಿದ್ಧ ಆಹಾರವನ್ನು ಮುಖ್ಯವಾಗಿ ಇಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಸಾಕು. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಅಳತೆ ಸರಿಯಿದೆಯೇ ಎಂದು ತಿಳಿಯಲು ಇಷ್ಟು ಪರೀಕ್ಷೆ ಸಾಕಾಗುತ್ತದೆ.

ಉಣ್ಣಿಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಚುಕ್ಕಿಯನ್ನು ಅದರಿಂದಲೇ ಕಳೆದುಕೊಳ್ಳುವುದರಲ್ಲಿದ್ದೆ. ಚುಕ್ಕಿ ಬೀದಿಯಿಂದ ಬಂದ ಹೆಣ್ಣು, ಎಡಗಣ್ಣಿನ ಮೇಲೆ ಬಿಳಿ ಮಚ್ಚೆ. ಒಂದು ಮೇ ತಿಂಗಳಲ್ಲಿ ಎರಡು ದಿನ ತಟ್ಟೆಯ ಬಳಿ ಬಂದು, ಮೂಸಿ, ತಿನ್ನದೆ ಹೋಗಿ ಬಚ್ಚಲಿನ ತಣ್ಣನೆ ನೆಲದ ಮೇಲೆ ಮಲಗಿದಳು. ಸೆಕೆಗೆ ಹೀಗಾಗಿದೆ ಎಂದುಕೊಂಡೆ. ಮೂರನೆಯ ದಿನ ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣದ ವಸಡು ಬಿಳಚಿಕೊಂಡಿತ್ತು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆ ಗಾತ್ರದ ಕೆನ್ನೀಲಿ ಚುಕ್ಕೆಗಳಿದ್ದವು. ರಕ್ತ ಪರೀಕ್ಷೆಯಲ್ಲಿ, ಎರಡು ಲಕ್ಷದ ಆಸುಪಾಸಿಗಿಂತ ಮೇಲೆ ಇರಬೇಕಾದ ಪ್ಲೇಟ್‌ಲೆಟ್ ಸಂಖ್ಯೆ 38,000ಕ್ಕೆ ಇಳಿದಿತ್ತು. ಉಣ್ಣಿಯಿಂದ ಬರುವ ಎರ್ಲಿಕಿಯೋಸಿಸ್ ಎಂದರು ವೈದ್ಯರು. ನಾಲ್ಕು ವಾರ ಮಾತ್ರೆ ನುಂಗಿಸಿ ಉಳಿಸಿಕೊಂಡೆವು.

ಅಂದಿನಿಂದ ಪ್ರತಿ ಸಂಜೆ ಅವಳ ಮೈ ತಡಕುತ್ತೇನೆ; ನೀವೂ ಹೀಗೆ ಮಾಡಿ. ಕಿವಿಯ ಹೊರ ಮಡಿಕೆ ಮತ್ತು ಒಳಗು, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಕಾಲ್ಬೆರಳುಗಳ ನಡುವೆ, ಬಾಲದ ಬುಡ, ಇಷ್ಟನ್ನೂ ಕೂದಲು ಬಿಡಿಸಿ ನೋಡಬೇಕು. ಸಿಕ್ಕಿದ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಸ್ಪಿರಿಟ್‌ನಲ್ಲಿ ಹಾಕಿ. ಉಗುರಿನಿಂದ ಚಿವುಟಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ನಮ್ಮ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕುಗಳಲ್ಲಿ. ಒಂದೊಂದು ಹೆಣ್ಣು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಹೀಗಾಗಿ ಮಲಗುವ ಗೋಣಿಚೀಲ, ಚಾಪೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು, ಗೋಡೆಯ ಬಿರುಕು ಮುಚ್ಚಿಸುವುದು, ಮೈಗೆ ಮದ್ದು ಹಾಕುವಷ್ಟೇ ಮುಖ್ಯ. ಕತ್ತಿನ ಹಿಂದೆ ಹಾಕುವ ತೊಟ್ಟುಮದ್ದಾಗಲಿ ನುಂಗುವ ಮಾತ್ರೆಯಾಗಲಿ ನಾಯಿಯ ತೂಕಕ್ಕೆ ತಕ್ಕಂತೆ ವೈದ್ಯರು ಬರೆದದ್ದೇ ಇರಲಿ. ದನಗಳಿಗೆಂದು ತಂದ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ಮೈ ತೊಳೆಯುವ ಪದ್ಧತಿಯನ್ನು ಬಿಡಬೇಕು. ನಮ್ಮ ಜ್ವರ, ನೋವಿನ ಮಾತ್ರೆಗಳನ್ನೂ ಎಂದಿಗೂ ಕೊಡಬಾರದು.

ಹೆಣ್ಣು ಮರಿಗಳನ್ನು ಜನ ಬೀದಿಗೆ ಬಿಡುವುದು 'ಮರಿ ಹಾಕುತ್ತದೆ' ಎಂಬ ಒಂದೇ ಕಾರಣಕ್ಕೆ. ಅದಕ್ಕೆ ಪರಿಹಾರ ಸಂತಾನಹರಣ ಶಸ್ತ್ರಚಿಕಿತ್ಸೆ. ನಾಯಿಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೊದಲ ಬಾರಿ ಬೆದೆಗೆ ಬರುತ್ತವೆ, ಗರ್ಭ ಕಟ್ಟಿದರೆ ಸುಮಾರು 63 ದಿನಕ್ಕೆ ಮರಿ. ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆ ಆದರೆ ಮುಂದೆ ಸ್ತನದ ಗೆಡ್ಡೆಯ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೆ ಬರುವ ಪಯೋಮೆಟ್ರಾ ಎಂಬ ಕಾಯಿಲೆಯ ಭಯವೂ ಉಳಿಯುವುದಿಲ್ಲ. ದೊಡ್ಡ ಮೈಕಟ್ಟಿನ ನಾಯಿಗಳಿಗೆ ಸ್ವಲ್ಪ ತಡವಾಗಿ ಮಾಡುವುದುಂಟು, ಅದನ್ನು ವೈದ್ಯರೇ ನಿರ್ಧರಿಸಲಿ. ಸಾಕಿದ ನಾಯಿಯ ಲಸಿಕೆ, ಜಂತುಹುಳುವಿನ ಔಷಧ ಮತ್ತು ಸಂತಾನಹರಣ ಮಾಲೀಕರ ಹೊಣೆ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಹೇಳುತ್ತವೆ.

ಮನೆಯ ನಾಯಿಯೇ ಕಚ್ಚಿದರೂ, ಬರೀ ಪರಚಿ ರಕ್ತ ಬಂದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ.

ನಾಟಿ ನಾಯಿಯ ಚುರುಕುತನಕ್ಕೆ ದಿನಕ್ಕೆ ಎರಡು ನಡಿಗೆ ಬೇಕೇ ಬೇಕು. ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲಿಗೆ ಒದಗುವುದಿಲ್ಲ, ಸಿಟ್ಟಿನ ನಾಯಿಯಾಗುತ್ತದೆ. ಬೇಸಿಗೆಯಲ್ಲಿ ಅಂಗೈ ಹಿಂಭಾಗವನ್ನು ಡಾಂಬರಿಗೆ ಏಳು ಸೆಕೆಂಡು ಒತ್ತಿ ನೋಡಿ, ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು. ದೀಪಾವಳಿಯ ಮೂರು ದಿನ ಕತ್ತಲಾಗುವ ಮೊದಲೇ ನಡಿಗೆ ಮುಗಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ ಜೊತೆಗಿರಿ. ಬೆದರಿದ ನಾಯಿ ತೆರೆದ ಗೇಟಿನಿಂದ ಓಡಿ ದಾರಿ ತಪ್ಪುವುದು ಆ ರಾತ್ರಿಗಳಲ್ಲೇ ಹೆಚ್ಚು, ಆದ್ದರಿಂದ ನಿಮ್ಮ ಫೋನ್ ಸಂಖ್ಯೆ ಕೆತ್ತಿಸಿದ ಬಿಲ್ಲೆಯೊಂದು ಅದರ ಕೊರಳಪಟ್ಟಿಯಲ್ಲಿ ಹಬ್ಬಕ್ಕೆ ವಾರ ಮೊದಲೇ ಇರಲಿ.