ಮಿಂಚಿನ ಮೊದಲ ಹೊಡೆತ ಬಿಡಿ, ಎರಡನೇದು ಹಿಡೀರಿ

ಮಿಂಚು ಕಂಡ ತಕ್ಷಣ ಬಟನ್ ಒತ್ತಿದ್ರೆ ಫೋಟೋದಲ್ಲಿ ಬರೋದು ಬರೀ ಕಪ್ಪು ಮೋಡ, ಟ್ರೈ ಮಾಡಿದವ್ರಿಗೆಲ್ಲ ಇದು ಗೊತ್ತು. ಕಣ್ಣು ನೋಡಿ ಬೆರಳು ಒತ್ತೋ ಹೊತ್ತಿಗೆ ಹತ್ತತ್ರ ಕಾಲು ಸೆಕೆಂಡ್ ಹೋಗಿರತ್ತೆ, ಆಮೇಲೆ ಕಾಂಪ್ಯಾಕ್ಟ್ ಕ್ಯಾಮೆರಾ ಫೋಕಸ್ ಹುಡುಕ್ತಾ ಕೂತ್ರೆ ಇನ್ನೊಂದು ಅರ್ಧ ಸೆಕೆಂಡ್, ಕತ್ತಲಾಗಿದ್ರೆ ಅದಕ್ಕಿಂತ ಜಾಸ್ತಿ. ಹಾಗಂತ ದೊಡ್ಡ ಕ್ಯಾಮೆರಾನೇ ಬೇಕು ಅಂತೇನಿಲ್ಲ. ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿರೋ ಹಳೇ ಕಾಂಪ್ಯಾಕ್ಟ್ ಸಾಕು, ಯಾಕಂದ್ರೆ ಮಿಂಚೇ ನಮಗೆ ಎರಡನೇ ಚಾನ್ಸ್ ಕೊಡತ್ತೆ.

ಕಣ್ಣಿಗೆ ಒಂದು ಮಿಂಚು ಅಂತ ಕಾಣೋದು ಸಾಮಾನ್ಯವಾಗಿ ಒಂದೇ ಹೊಡೆತ ಆಗಿರಲ್ಲ. ಮೋಡದಿಂದ ನೆಲಕ್ಕೆ ಬರೋ ಮಿಂಚಿನಲ್ಲಿ ಅದೇ ದಾರೀಲಿ ಮೂರ್ನಾಲ್ಕು ಸಲ ಕರೆಂಟ್ ಹರಿಯತ್ತೆ, ಒಂದೊಂದು ಹೊಡೆತ ಒಂದು ಮಿಲಿಸೆಕೆಂಡ್‌ಗಿಂತ ಕಮ್ಮಿ ಹೊತ್ತು, ಆದ್ರೆ ಎರಡು ಹೊಡೆತದ ನಡುವೆ ಸುಮಾರು 40ರಿಂದ 60 ಮಿಲಿಸೆಕೆಂಡ್ ಬಿಡುವು ಇರತ್ತೆ. ಮಿಂಚು ಪಟಪಟ ಅಂತ ಮಿಣುಕಿದ ಹಾಗೆ ಅನ್ಸೋದು ಇದಕ್ಕೇ. ಬ್ರಿಟನ್ನಿನ ಭೌತವಿಜ್ಞಾನಿ ಚಾರ್ಲ್ಸ್ ವರ್ನಾನ್ ಬಾಯ್ಸ್ ಲೆನ್ಸೇ ತಿರುಗೋ ಥರದ ಒಂದು ಕ್ಯಾಮೆರಾ ಕಟ್ಟಿದ್ರು, 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೇಸಿಲ್ ಶಾನ್‌ಲ್ಯಾಂಡ್ ಮತ್ತು ಅವರ ಜೊತೆಗಾರರು ಆ ಥರದ ಕ್ಯಾಮೆರಾದಿಂದ್ಲೇ ಈ ಹೊಡೆತಗಳನ್ನ ಬೇರೆಬೇರೆಯಾಗಿ ಫಿಲ್ಮ್ ಮೇಲೆ ಬಿಡಿಸಿ ನೋಡಿದ್ರು. ನಾವು ಮನೇಲಿ ಮಾಡೋ ಟ್ರಿಗರ್, ಅಂದ್ರೆ ಬೆಳಕು ಕಂಡ ತಕ್ಷಣ ತಾನೇ ಕ್ಲಿಕ್ ಮಾಡಿಸೋ ಸಾಧನ, ಕೆಲಸ ಮಾಡೋದೂ ಈ ಬಿಡುವಿನ ಮೇಲೇನೇ. ಮೊದಲ ಹೊಡೆತದಿಂದ ಸುದ್ದಿ ಮುಟ್ಟಿಸ್ಕೊಂಡು ಮುಂದಿನದಕ್ಕೆ ಶಟರ್ ತೆಗೀಬೇಕು, ಅಷ್ಟೇ.

ರಾತ್ರಿ ಆಗಿದ್ರೆ ಟ್ರಿಗರ್ ಬೇಡವೇ ಬೇಡ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಮಳೆಮೋಡದ ಕಡೆ ತಿರುಗಿಸಿ, ಫ್ಲಾಶ್ ಆಫ್ ಮಾಡಿ, ಟ್ರೈಪಾಡ್ ಮೇಲಿರೋದ್ರಿಂದ ಇಮೇಜ್ ಸ್ಟೆಬಿಲೈಸರ್ ಕೂಡ ಆಫ್ ಮಾಡಿ, ಫೋಕಸ್ ಮ್ಯಾನ್ಯುಯಲ್ ಇದ್ರೆ ಇನ್ಫಿನಿಟಿಗೆ ಇಡಿ, ಇಲ್ಲಾಂದ್ರೆ ಬೆಟ್ಟದ ಚಿತ್ರ ಇರೋ ಲ್ಯಾಂಡ್‌ಸ್ಕೇಪ್ ಮೋಡ್. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ) 80 ಅಥವಾ 100, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಎಫ್ 5.6 ಆಸುಪಾಸು, ಶಟರ್ 10-15 ಸೆಕೆಂಡ್. ತೆಗೀತಾನೇ ಇರಿ, ಆ ಹತ್ತು ಸೆಕೆಂಡ್ ಒಳಗೆ ಯಾವಾಗ ಮಿಂಚಿದ್ರೂ ಅದು ಫೋಟೋದಲ್ಲಿ ಬೀಳತ್ತೆ. ಇಲ್ಲಿ ಒಂದು ವಿಷ್ಯ ಚೆನ್ನಾಗಿ ತಲೇಲಿ ಕೂರಿಸ್ಕೊಳಿ: ಮಿಂಚು ಶಟರ್‌ಗಿಂತ ಎಷ್ಟೋ ವೇಗ, ಹಾಗಾಗಿ ಮಿಂಚಿನ ಗೆರೆ ಎಷ್ಟು ಬೆಳ್ಳಗೆ ಬರತ್ತೆ ಅನ್ನೋದನ್ನ ಅಪರ್ಚರ್ ಮತ್ತೆ ಐಎಸ್ಒ ತೀರ್ಮಾನ ಮಾಡತ್ತೆ, ಶಟರ್ ಟೈಮ್ ಬದಲಾಯಿಸಿದ್ರೆ ಆಕಾಶ, ಊರಿನ ದೀಪ ಇವುಗಳ ಬೆಳಕು ಮಾತ್ರ ಹೆಚ್ಚುಕಮ್ಮಿ ಆಗತ್ತೆ. ಗೆರೆ ದಪ್ಪ ಬೆಳ್ಳಗೆ ಉಬ್ಬಿ ಬಂದ್ರೆ ಎಫ್ 8ಕ್ಕೆ ಹೋಗಿ. ಶಟರ್ ಮುಟ್ಟೋದು ಬೇಡ.

ಕಾಂಪ್ಯಾಕ್ಟ್‌ಗಳಲ್ಲಿ ಒಂದು ಕಿರಿಕಿರಿ ಇದೆ. ಉದ್ದನೆ ಎಕ್ಸ್‌ಪೋಶರ್ ಆದ್ಮೇಲೆ ಎಷ್ಟೋ ಕ್ಯಾಮೆರಾಗಳು ಶಟರ್ ಮುಚ್ಕೊಂಡು ಅಷ್ಟೇ ಹೊತ್ತಿನ ಇನ್ನೊಂದು ಕಪ್ಪು ಫೋಟೋ ತಗೊಂಡು ನಾಯ್ಸ್ (ಫೋಟೋದಲ್ಲಿ ಬರೋ ಬೇಡದ ಚುಕ್ಕಿಗಳು) ಕಳೀತವೆ, ಅಂದ್ರೆ 15 ಸೆಕೆಂಡ್ ಫೋಟೋಗೆ 30 ಸೆಕೆಂಡ್. ಒಳ್ಳೇ ಮಿಂಚು ಸರಿಯಾಗಿ ಆ ಗ್ಯಾಪಲ್ಲೇ ಬರತ್ತೆ. ಮೆನುನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಮಾಡೋಕೆ ಆಗತ್ತಾ ನೋಡಿ.

ಈಗ ಹಗಲು ಅಥವಾ ಇಳಿಸಂಜೆ. ಇಲ್ಲಿ ಶಟರ್ ಹತ್ತು ಸೆಕೆಂಡ್ ಬಿಟ್ರೆ ಫೋಟೋ ಪೂರ್ತಿ ಬಿಳಿ ಆಗ್ಬಿಡತ್ತೆ, ಅದಕ್ಕೇ ಟ್ರಿಗರ್ ಬೇಕಾಗೋದು.

ನಿಮ್ಮತ್ರ ಕ್ಯಾನನ್ ಪವರ್‌ಶಾಟ್ ಇದ್ರೆ ಏನೂ ಕಟ್ಟದೆ ಶುರು ಮಾಡ್ಬಹುದು. ಸಿಎಚ್‌ಡಿಕೆ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಮೆಮೊರಿ ಕಾರ್ಡಿಂದ ಲೋಡ್ ಆಗತ್ತೆ, ಕ್ಯಾಮೆರಾದ ಒರಿಜಿನಲ್ ಸಾಫ್ಟ್‌ವೇರನ್ನ ಅಳಿಸಲ್ಲ, ಆದ್ರೆ ನಿಮ್ಮ ಮಾಡೆಲ್‌ಗೂ ಫರ್ಮ್‌ವೇರ್ ವರ್ಶನ್‌ಗೂ ಹೊಂದೋದನ್ನೇ ಹಾಕ್ಬೇಕು. ಅದರಲ್ಲಿ ಮೋಶನ್ ಡಿಟೆಕ್ಷನ್ ಸ್ಕ್ರಿಪ್ಟ್ ಇರತ್ತೆ, ಸ್ಕ್ರೀನಿನ ಚಿತ್ರದಲ್ಲಿ ತಟ್ಟನೆ ಬೆಳಕು ಬದಲಾದ್ರೆ ತಾನೇ ಕ್ಲಿಕ್ ಮಾಡತ್ತೆ. ಮಿಂಚು ಹಿಡಿಯೋಕೆ ಜನ ಇದನ್ನ ತುಂಬಾ ವರ್ಷದಿಂದ ಬಳಸ್ತಿದಾರೆ.

ಕೈಯಾರೆ ಕಟ್ಟೋದಾದ್ರೆ ಸೆನ್ಸರ್ ವಿಷ್ಯದಲ್ಲಿ ಎಡವಬೇಡಿ. ನಾನು ಮೊದಲು ಕಟ್ಟಿದ್ದು ಎಲ್‌ಡಿಆರ್ (ಬೆಳಕು ಬಿದ್ರೆ ರೆಸಿಸ್ಟೆನ್ಸ್ ಬದಲಾಗೋ ಸೆನ್ಸರ್) ಹಾಕಿ, ಎರಡು ಮಳೆಗಾಲ ಒಂದೂ ಮಿಂಚು ಬರ್ಲಿಲ್ಲ, ಕೋಡ್ ತಪ್ಪಿರ್ಬೇಕು ಅಂತ ಅದನ್ನೇ ತಿದ್ದುತ್ತಾ ಕೂತಿದ್ದೆ. ಎಲ್‌ಡಿಆರ್ ನಿಧಾನ, ಬೆಳಕಿಗೆ ಅದು ಎಚ್ಚರ ಆಗೋಕೇ ಹತ್ತಾರು ಮಿಲಿಸೆಕೆಂಡ್ ತಗೊಳ್ಳತ್ತೆ, ಅಷ್ಟರಲ್ಲಿ ಮುಂದಿನ ಹೊಡೆತಾನೂ ಮುಗಿದಿರತ್ತೆ. ಬೇಕಿರೋದು ಫೋಟೋಡಯೋಡ್, ಅಂದ್ರೆ ಬೆಳಕಿಗೆ ತಕ್ಕಷ್ಟು ಕರೆಂಟ್ ಬಿಡೋ ವೇಗದ ಸೆನ್ಸರ್. ಬಿಪಿಡಬ್ಲ್ಯೂ 34 ಅನ್ನೋದು ಸುಲಭವಾಗಿ ಸಿಗತ್ತೆ, ಕೆಲಸಾನೂ ಸೊಗಸಾಗಿ ಮಾಡತ್ತೆ.

ಅದರ ಕ್ಯಾಥೋಡ್ (ಮೈನಸ್) ಕಾಲನ್ನ ಆರ್ಡುಯಿನೋ ಊನೋ ಅನ್ನೋ ಕೋಡ್ ಹಾಕಿ ಓಡಿಸೋ ಸಣ್ಣ ಬೋರ್ಡಿನ 5 ವೋಲ್ಟ್‌ಗೆ, ಆನೋಡ್ (ಪ್ಲಸ್) ಕಾಲನ್ನ ವೋಲ್ಟೇಜ್ ಓದೋ ಎ0 ಪಿನ್‌ಗೆ ಕೊಡಿ, ಅದೇ ಎ0ಯಿಂದ ಗ್ರೌಂಡ್‌ಗೆ ಒಂದು ರೆಸಿಸ್ಟರ್. ಡಯೋಡ್ ಉಲ್ಟಾ ಹಾಕಿದೀವಲ್ಲ ಅಂತ ಗಾಬರಿ ಆಗ್ಬೇಡಿ, ಹಾಗೇ ಇರ್ಬೇಕು, ಬೆಳಕು ಬಿದ್ದಷ್ಟು ಕರೆಂಟ್ ಹರಿದು ರೆಸಿಸ್ಟರ್ ಮೇಲೆ ವೋಲ್ಟೇಜ್ ಏರತ್ತೆ. ಹಗಲಿಗೆ 10 ಕಿಲೋಓಮ್, ಮಬ್ಬು ಸಂಜೆಗೆ 100 ಕಿಲೋಓಮ್. ಹಗಲಲ್ಲಿ 100 ಹಾಕಿದ್ರೆ ಆಕಾಶದ ಬೆಳಕಿಗೇ ವೋಲ್ಟೇಜ್ 5ರ ಹತ್ರ ಹೋಗಿ ನಿಂತ್ಬಿಡತ್ತೆ, ಆಮೇಲೆ ಮಿಂಚಿಗೆ ಏರೋಕೆ ಜಾಗವೇ ಇರಲ್ಲ.

ಕೋಡ್‌ನಲ್ಲಿ ಮಾಡೋದಿಷ್ಟು. ಎ0ಯನ್ನ ಓದ್ತಾನೇ ಇರಿ, ಒಂದು ಸಲ ಓದೋಕೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ಓದಿದ್ದರ ಸರಾಸರಿ ಒಂದನ್ನ ಜೊತೆಗೇ ಇಟ್ಕೊಳಿ, ಹೊಸ ಓದು ಆ ಸರಾಸರಿಗಿಂತ ತಟ್ಟನೆ 15-20 ಅಂಕ ಜಾಸ್ತಿ ಬಂದ್ರೆ ಔಟ್‌ಪುಟ್ ಪಿನ್ ಆನ್ ಮಾಡಿ, 200 ಮಿಲಿಸೆಕೆಂಡ್ ಹಿಡಿದು ಬಿಡಿ. ಸರಾಸರಿ ಯಾಕೆ ಅಂದ್ರೆ, ಮೋಡ ಸರಿದಾಗ ಬೆಳಕು ನಿಧಾನಕ್ಕೆ ಬದಲಾಗತ್ತೆ, ಅದಕ್ಕೆ ಕ್ಲಿಕ್ ಆಗ್ಬಾರ್ದು. ಬೀದಿದೀಪ ಇನ್ನೊಂದು ಕಾಟ, 50 ಹರ್ಟ್ಸ್ ಕರೆಂಟ್ ಇರೋ ಕಡೆ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗ್ತವೆ, ನಮ್ಮ ಡಯೋಡ್ ಅದನ್ನೂ ನೋಡತ್ತೆ. ಡಯೋಡ್‌ಗೆ ಒಂದು ಕಪ್ಪು ಕಾಗದದ ಕೊಳವೆ ಸುತ್ತಿ ಆಕಾಶ ಮಾತ್ರ ಕಾಣೋ ಹಾಗೆ ಮಾಡಿದ್ರೆ ಮುಕ್ಕಾಲು ಪಾಲು ತೊಂದ್ರೆ ಹೋಗತ್ತೆ.

ಕ್ಯಾಮೆರಾಗೆ ಜೋಡಿಸೋದು ಕಷ್ಟದ ಭಾಗ, ಯಾಕಂದ್ರೆ ಹೆಚ್ಚಿನ ಕಾಂಪ್ಯಾಕ್ಟ್‌ಗಳಲ್ಲಿ ರಿಮೋಟ್ ಜ್ಯಾಕ್ ಇರಲ್ಲ. ಪವರ್‌ಶಾಟ್ ಜಿ10, ಜಿ11, ಜಿ12 ಥರದವುಗಳಲ್ಲಿ 2.5 ಎಂಎಂ ಜ್ಯಾಕ್ ಇದೆ: ತುದಿ ಶಟರ್, ನಡುವಿನ ರಿಂಗ್ ಫೋಕಸ್, ಬುಡ ಗ್ರೌಂಡ್. ಆರ್ಡುಯಿನೋ ಪಿನ್‌ನಿಂದ 330 ಓಮ್ ಮೂಲಕ ಪಿಸಿ 817 ಆಪ್ಟೋಕಪ್ಲರ್‌ನ (ಎರಡು ಸರ್ಕ್ಯೂಟ್ ನಡುವೆ ವೈರ್ ಇಲ್ಲದೆ ಬೆಳಕಿನಲ್ಲೇ ಸಿಗ್ನಲ್ ದಾಟಿಸೋ ಚಿಪ್) 1ನೇ ಕಾಲಿಗೆ, 2ನೇ ಕಾಲು ಗ್ರೌಂಡ್‌ಗೆ, ಆಕಡೆ 4ನೇ ಕಾಲು ಜ್ಯಾಕ್ ತುದಿಗೆ, 3ನೇದು ಜ್ಯಾಕ್ ಬುಡಕ್ಕೆ. ಹೀಗೆ ಮಾಡಿದ್ರೆ ನಮ್ಮ ಸರ್ಕ್ಯೂಟ್ ಕರೆಂಟ್ ಕ್ಯಾಮೆರಾ ಒಳಗೆ ಹೋಗೋದೇ ಇಲ್ಲ. ರಿಂಗನ್ನ ಒಂದು ಸ್ವಿಚ್ ಹಾಕಿ ಬುಡಕ್ಕೆ ಶಾರ್ಟ್ ಮಾಡಿಟ್ರೆ ಬಟನ್ ಅರ್ಧ ಒತ್ತಿ ಹಿಡಿದ ಹಾಗೆ, ಕ್ಯಾಮೆರಾ ಫೋಕಸ್ ಮುಗಿಸ್ಕೊಂಡು ರೆಡಿಯಾಗಿ ಕಾಯ್ತಿರತ್ತೆ. ಇದನ್ನ ಬಿಟ್ರೆ ಟ್ರಿಗರ್ ಎಷ್ಟೇ ಫಾಸ್ಟ್ ಇದ್ರೂ ಪ್ರಯೋಜನ ಇಲ್ಲ. ಜ್ಯಾಕ್ ಇಲ್ಲದ ಕ್ಯಾನನ್‌ಗೆ ಸಿಎಚ್‌ಡಿಕೆ ಹಾಕಿ ಯುಎಸ್‌ಬಿ ರಿಮೋಟ್ ಆನ್ ಮಾಡಿದ್ರೆ ಯುಎಸ್‌ಬಿ ಕೇಬಲ್ಲಿನ ಕೆಂಪು-ಕಪ್ಪು ವೈರಿಗೆ ಕೊಡೋ 5 ವೋಲ್ಟನ್ನೇ ಶಟರ್ ಸಿಗ್ನಲ್ ಅಂತ ತಗೊಳ್ಳತ್ತೆ. ಕ್ಯಾಮೆರಾ ಬಿಚ್ಚಿ ಬಟನ್‌ಗೇ ಸೋಲ್ಡರ್ ಮಾಡೋಣ ಅಂತ ಮಾತ್ರ ಹೋಗ್ಬೇಡಿ, ಒಳಗಿರೋ ಫ್ಲಾಶ್ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಹತ್ರ ಉಳ್ಕೊಂಡಿರತ್ತೆ, ಬ್ಯಾಟರಿ ತೆಗೆದ್ಮೇಲೂ.

ಟೆಸ್ಟ್ ಮಾಡೋಕೆ ಮಳೆ ಕಾಯ್ಬೇಕಾಗಿಲ್ಲ. ಇನ್ನೊಂದು ಕ್ಯಾಮೆರಾದ ಫ್ಲಾಶ್ ಗೋಡೆಗೆ ಹೊಡೆದು ನೋಡಿ, ಅಥವಾ ಟಿವಿ ರಿಮೋಟ್ ಒತ್ತಿ, ಬಿಪಿಡಬ್ಲ್ಯೂ 34ಗೆ ಇನ್‌ಫ್ರಾರೆಡ್ ಕೂಡ ಕಾಣತ್ತೆ.

ಹಗಲಿನ ಎಕ್ಸ್‌ಪೋಶರ್‌ಗೆ 1/4 ಸೆಕೆಂಡ್ ಗುರಿ ಇಟ್ಕೊಳಿ, ಆವಾಗ ಮುಂದಿನ ಹೊಡೆತಗಳಿಗೆ ಶಟರ್ ತೆರೆದೇ ಇರತ್ತೆ. ದಟ್ಟ ಮೋಡದಲ್ಲಿ ಐಎಸ್ಒ 100, ಎಫ್ 8ಕ್ಕೆ ಶಟರ್ 1/30 ಬರ್ತಿದ್ರೆ ಎನ್‌ಡಿ 8 ಫಿಲ್ಟರ್ (ಬೆಳಕನ್ನ ಎಂಟನೇ ಒಂದು ಪಾಲಿಗೆ ಇಳಿಸೋ ಕಪ್ಪು ಗಾಜು) ಒಂದನ್ನ ಲೆನ್ಸ್ ಮುಂದೆ ಹಿಡಿಸಿದ್ರೆ ಸರಿಯಾಗಿ 1/4ಕ್ಕೆ ಇಳಿಯತ್ತೆ. ಒಂದೇ ಹೊಡೆತದ ಮಿಂಚು ಬಂದ್ರೆ ತಪ್ಪಿ ಹೋಗತ್ತೆ, ಅದಕ್ಕೆ ಯಾವ ಟ್ರಿಗರ್‌ನಿಂದಲೂ ಏನೂ ಮಾಡೋಕಾಗಲ್ಲ.

ನನ್ನ ಪ್ರಕಾರ ಟ್ರಿಗರ್‌ನ ದೊಡ್ಡ ಲಾಭ ಫೋಟೋ ಅಲ್ಲ, ನೀವು ಒಳಗಿರ್ಬಹುದು ಅನ್ನೋದು. ಮೋಡ ಇನ್ನೂ ದೂರ ಇದ್ದು ಗುಡುಗು ಕೇಳಿಸೋಕೆ ಮುಂಚೇನೇ ಟ್ರೈಪಾಡ್, ಕ್ಯಾಮೆರಾ, ಬ್ಯಾಟರಿ ಮೇಲೆ ಓಡೋ ಟ್ರಿಗರ್ ಎಲ್ಲಾ ಸೆಟ್ ಮಾಡಿ, ಪ್ಲಾಸ್ಟಿಕ್ ಕವರ್ ಹಾಕಿ ಒಳಗೆ ಬಂದ್ಬಿಡಿ. ಪ್ಲಗ್ಗಿಗೆ ಹಾಕೋ ಅಡಾಪ್ಟರ್ ಬೇಡ, ಹೊರಗಿಂದ ಒಳಗೆ ವೈರ್ ಎಳ್ಕೊಳ್ಳೋದೂ ಬೇಡ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ್ರೆ 3 ಸೆಕೆಂಡಿಗೆ 1 ಕಿಲೋಮೀಟರ್ ಲೆಕ್ಕ, 30 ಸೆಕೆಂಡ್ ಒಳಗೆ ಬಂತು ಅಂದ್ರೆ 10 ಕಿಲೋಮೀಟರ್ ಒಳಗಿದೆ, ಆಗ ಬಾಗ್ಲು ದಾಟ್ಬೇಡಿ, ಮಳೆ ಇನ್ನೂ ಶುರುವಾಗಿಲ್ಲ ಅನ್ನೋದು ಲೆಕ್ಕಕ್ಕೆ ಬರಲ್ಲ. ಕ್ಯಾಮೆರಾ ಹೊರಗಡೆ ನೆನೀತಿದ್ರೂ ಸರಿ, ಕೊನೆ ಗುಡುಗು ಕೇಳಿ 30 ನಿಮಿಷ ಆದ್ಮೇಲೇನೇ ಹೋಗಿ ತನ್ನಿ.