ಎರಡೂ ಬಿಳಿ, ಎರಡೂ ಕ್ಯಾಲ್ಸಿಯಂ: ಈಜುಕೊಳದ ರಾಸಾಯನಿಕ ಬಳಸುವುದು ಹೇಗೆ?

ಈಜುಕೊಳಕ್ಕೆ ಪುಡಿ ಹಾಕುವವರು ಅಳತೆಯಲ್ಲಿ ತಪ್ಪುವುದಕ್ಕಿಂತ ಡಬ್ಬ ಎತ್ತಿಕೊಳ್ಳುವಾಗ ತಪ್ಪುವುದೇ ಅಪಾಯ. ಕ್ಯಾಲ್ಸಿಯಂ ಕ್ಲೋರೈಡ್ ಬರೀ ಲವಣ. ಅದು ನೀರಿನ ಗಡಸುತನ ಹೆಚ್ಚಿಸುತ್ತದೆ, ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆಯನ್ನೂ ಕರಗಿಸುತ್ತದೆ. ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಕ್ಲೋರಿನ್ ಪುಡಿ. ಮಂಜಿನ ಮೇಲೆ ಹಾಕುವ ವಸ್ತುವೇ ಅಲ್ಲ. ಎಣ್ಣೆ, ಒಣ ಎಲೆ ತಗುಲಿದರೆ ಬೆಂಕಿಯೂ ಹತ್ತಬಹುದು. ಹಾಗಾಗಿ ಮೊದಲ ಹೆಜ್ಜೆ, ಲೇಬಲ್ಲಿನ ಪೂರ್ತಿ ಹೆಸರನ್ನು ಬಾಯಿಬಿಟ್ಟು ಓದುವುದು.

ಎರಡು, ನೀರು ಪರೀಕ್ಷಿಸಿ. ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ) 7.2ರಿಂದ 7.8, ಮುಕ್ತ ಕ್ಲೋರಿನ್ (ಕ್ರಿಮಿ ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್) 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇದ್ದರೆ ಸುಮ್ಮನೆ ಡಬ್ಬ ತೆರೆಯಬೇಡಿ.

ಮೂರು, ರಕ್ಷಣಾ ಕನ್ನಡಕ, ರಬ್ಬರ್ ಕೈಗವಸು ಹಾಕಿಕೊಂಡು ಬಯಲಿಗೆ ಬನ್ನಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿ.

ನಾಲ್ಕನೆಯದರಲ್ಲೇ ಎಡವಟ್ಟೆಲ್ಲ. ಬಕೆಟ್‌ಗೆ ಮೊದಲು ನೀರು, ಆಮೇಲೆ ರಾಸಾಯನಿಕ. ಪುಡಿ ಸುರಿದಿಟ್ಟು ಮೇಲಿಂದ ನಲ್ಲಿ ಬಿಡುವವರನ್ನು ನಾನು ಕಂಡಿದ್ದೇನೆ. ಪಿಎಚ್ ಇಳಿಸಲು ಹಾಕುವ ಆಮ್ಲದ ಮೇಲೆ ನೀರು ಬಿದ್ದರೆ ಅದು ಕುದಿದು ಮುಖಕ್ಕೇ ಸಿಡಿಯಬಹುದು. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಕರಗುವಾಗ ಬಿಸಿಯಾಗುತ್ತದೆ. ಬಕೆಟ್ಟಿನ ಹೊರಮೈ ಮುಟ್ಟಿದರೆ ಗೊತ್ತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ನೀರು ತುಂಬಿ, ಸ್ವಲ್ಪ ಸ್ವಲ್ಪವೇ ಉದುರಿಸಿ, ಪ್ಲಾಸ್ಟಿಕ್ ಕೋಲಿನಿಂದ ಕಲಕಿ. ಪ್ರತಿ ರಾಸಾಯನಿಕಕ್ಕೂ ಬೇರೆ ಬಕೆಟ್, ಬೇರೆ ಅಳತೆ ಲೋಟ. ಇದರಲ್ಲಿ ರಾಜಿಯಿಲ್ಲ. ಒದ್ದೆ ಲೋಟವನ್ನು ಡಬ್ಬಕ್ಕೆ ಅದ್ದುವುದೂ ಬೇಡ. ಹೈಪೊಕ್ಲೋರೈಟ್ ಜೊತೆ ಆಮ್ಲ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅದೇ ಹೈಪೊಕ್ಲೋರೈಟ್ ಟ್ರೈಕ್ಲೋರ್ ಮಾತ್ರೆಗೆ (ನಿಧಾನವಾಗಿ ಕರಗುವ ಇನ್ನೊಂದು ಬಗೆಯ ಕ್ಲೋರಿನ್) ತಾಗಿದರೆ ಬೆಂಕಿ, ಸ್ಫೋಟಗಳಾಗಬಹುದು. ಎರಡೂ ಕ್ಲೋರಿನ್ ತಾನೇ ಎಂದು ಕೊಳದಲ್ಲಿ ತೇಲಿಬಿಡುವ ಒಂದೇ ಕ್ಲೋರಿನ್ ಬುಟ್ಟಿಗೆ ತುಂಬಿಸುವ ಜಾಣತನ ಬೇಡವೇ ಬೇಡ.

ಐದು, ಪಂಪು ಓಡುತ್ತಿರುವಾಗ ಕೊಳದ ಅಂಚಿನುದ್ದಕ್ಕೂ ನಿಧಾನವಾಗಿ ಸುರಿಯಿರಿ. ಒಂದಾದ ಮೇಲೆ ಇನ್ನೊಂದಕ್ಕೆ ಕೆಲವು ಗಂಟೆ ಬಿಡಿ. ಕ್ಯಾಲ್ಸಿಯಂ ಕ್ಲೋರೈಡ್ ಬೆನ್ನಿಗೇ ಪಿಎಚ್ ಏರಿಸುವ ಸೋಡಾ ಪುಡಿ ಹಾಕಿದರೆ ನೀರು ಹಾಲಿನಂತಾಗುತ್ತದೆ.

ಇನ್ನು ಮಂಜು. ಕೊಳಕ್ಕೆಂದು ತಂದ ಕ್ಯಾಲ್ಸಿಯಂ ಕ್ಲೋರೈಡನ್ನು ಮೆಟ್ಟಿಲಿಗೆ ಹಾಕಬಹುದು. ಮೆಟ್ಟಿಲಿಗೆಂದು ತಂದ ಚೀಲವನ್ನು ಕೊಳಕ್ಕೆ ಹಾಕಬಾರದು. ‘ಮಂಜು ಕರಗಿಸುವ ಪುಡಿ’ ಎಂದಷ್ಟೇ ಬರೆದು ಒಳಗೇನಿದೆ ಎಂದು ಹೇಳದ ಚೀಲಗಳಲ್ಲಿ ಎಷ್ಟೋ ಸಲ ಬಣ್ಣ ಹಾಕಿದ ಕಲ್ಲುಪ್ಪೇ ಹೆಚ್ಚು. ಅಂಥದ್ದನ್ನು ನಾನಂತೂ ಕೊಳ್ಳುವುದಿಲ್ಲ. ಕಲ್ಲುಪ್ಪಿನ ಕೆಲಸ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗೆ ಮಂದವಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು ಮೈನಸ್ 29ರವರೆಗೂ ಕರಗಿಸುತ್ತದೆ. ಸಡಿಲ ಹಿಮವನ್ನು ಮೊದಲು ಸಲಿಕೆಯಿಂದ ತೆಗೆಯಿರಿ, ಆಮೇಲೆ ತೆಳ್ಳಗೆ ಉದುರಿಸಿ. ಗುಡ್ಡೆ ಹಾಕಿದರೆ ಲಾಭವಿಲ್ಲ, ಒಣಗದೆ ಉಳಿಯುವ ಜಿಗುಟು ದ್ರವದ ಮೇಲೆ ಕಾಲೇ ಜಾರುತ್ತದೆ. ಮಂಜು ಸಡಿಲವಾದೊಡನೆ ಕೆರೆದು ಗುಡಿಸಿ. ವರ್ಷ ತುಂಬದ ಕಾಂಕ್ರೀಟಿಗೆ ಮರಳೇ ಸಾಕು. ಹೆಪ್ಪುಗಟ್ಟಿದ ಕೊಳದ ಮೇಲೆ ಮಾತ್ರ ಹಾಕಬೇಡಿ, ಗಡಸುತನ ವಿಪರೀತ ಏರುತ್ತದೆ.

ಉಳಿದ ಲವಣದ ಚೀಲದ ಬಾಯಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಆಮ್ಲದ ಕ್ಯಾನನ್ನು ಕ್ಲೋರಿನ್ ಡಬ್ಬದ ಮೇಲಿನ ಹಲಗೆಯಲ್ಲಿ ಇಡಬೇಡಿ. ನೆಲಕ್ಕೆ ಚೆಲ್ಲಿದ ಕ್ಲೋರಿನ್ ಪುಡಿಯನ್ನು ಕಸದ ಬುಟ್ಟಿಗೂ ಹಾಕಬೇಡಿ, ಡಬ್ಬಕ್ಕೂ ಮರಳಿ ತುಂಬಬೇಡಿ.